ಒಳಗೆ ಬಿಟ್ಟ ಬಟ್ಟೆ

"ಸೀತಕ್ಕಾರ, ಸೊಲ್ಪ ಮ್ಯಾಲ ಬರ್ರಿ! ಲಗೂನ ಬರ್ರಿ!"

ಮಹಡಿಯಿಂದ ಭಾಗ್ಯಜ್ಯೋತಿ ಕೂಗಿದಾಗ ಸೀತಾಲಕ್ಷ್ಮಿ ಕನ್ನಡಿಯ ಮುಂದೆ ನಿಂತು ಹಸಿರು ರೇಷ್ಮೆ ರವಿಕೆಯ ಕೊನೆಯ ಹುಕ್ಕು ಹಾಕಿಕೊಳ್ಳುತ್ತಿದ್ದಳು. ನಿನ್ನೆ ಸಂಜೆ ಹಾಕಿದ ಹೊಲಿಗೆ ಚೆನ್ನಾಗಿಯೇ ಕೂತಿತ್ತು. ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಳು, ಎಡಕ್ಕೊಮ್ಮೆ, ಮತ್ತೆ ಸುಮ್ಮನೆ ಖುಷಿಗೆ ಇನ್ನೊಮ್ಮೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದಳು. ಹೋದ ವರ್ಷ ಇದೇ ಮೆಟ್ಟಿಲಿನ ಅರ್ಧದಲ್ಲಿ ನಿಂತು, ಕಂಬಿ ಹಿಡಿದು, ಉಸಿರು ತಿರುಗಿಸಿಕೊಳ್ಳಬೇಕಾಗಿತ್ತು.

ಮೇಲೆ ಬಾಡಿಗೆ ಮನೆಯ ಒಳಕೋಣೆಯಲ್ಲಿ ಭಾಗ್ಯ ಗೋಡೆಗೆ ಮುಖ ಮಾಡಿ ನಿಂತಿದ್ದಳು. ತಿರುಗಿದಳು. ಹೊಸ ಹಸಿರು ರವಿಕೆಯ ಎರಡು ಅಂಚುಗಳ ನಡುವೆ ನಾಲ್ಕು ಬೆರಳು ಜಾಗ. ಬಾದಾಮಿಯಿಂದ ರಾತ್ರಿ ಬಸ್ಸಿಗೆ ಬಂದಿಳಿದ ಅವಳ ತಾಯಿ ರೇಣುಕವ್ವ ಟ್ರಂಕಿನ ಮೇಲೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದರು.

ಇವತ್ತು ಭಾಗ್ಯಳ ಕುಬಸ. ಏಳು ತಿಂಗಳ ಬಸುರಿ ಮಗಳಿಗೆ ತವರಿನವರು ತಾವೇ ಹೊಲಿಸಿ ತಂದ ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವ ದಿನ. ಭಾನುವಾರ, ಹನ್ನೆರಡಕ್ಕೆ ಯಮಗಂಡ ಶುರುವಾಗುವುದರೊಳಗೆ ಮುಗಿಯಬೇಕು. ಗಡಿಯಾರದಲ್ಲಿ ಹತ್ತು ಐವತ್ತಾಗಿತ್ತು. ಹೊರಕೋಣೆಯಲ್ಲಿ ಅವಳ ಅತ್ತೆ ಮನೆಯ ಹೆಂಗಸರು ಜಮಖಾನೆಯ ಮೇಲೆ ಕೂತು, ಬಿಟಿಎಂನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು.

"ಲಗ್ನದಾಗಿನ ಅಳತಿ ನಮ್ಮೂರ ಟೇಲರ ಹತ್ರ ಇತ್ರೀ ಅಕ್ಕಾರ," ಎಂದರು ರೇಣುಕವ್ವ. "ಆದ್ರೂ ಫೋನಿನ್ಯಾಗ ಕೇಳೀನಿ, ದಪ್ಪ ಆಗೀಯೇನವಾ ಅಂತ. ಇಲ್ಲವ್ವಾ, ಹೊಟ್ಟಿ ಅಷ್ಟ ಬಂದೈತಿ, ಉಳದದ್ದೆಲ್ಲಾ ಹಾಂಗ ಐತಿ ಅಂದ್ಲು ಈಕಿ."

"ನಂಗ ಹಾಂಗ ಅನಿಸಿತ್ತವ್ವಾ! ಅಕ್ಕಾರ ಅರಿವಿ ಹಾಕ್ಕೊಂಡ್ರ ಎಲ್ಲಾ ಸಡಲ ಇರ್ತಿದ್ವು. ನಾ ಎಷ್ಟು ಉಬ್ಬೀನಿ ಅಂತ ನಂಗರ ಹೆಂಗ ಗೊತ್ತಾಗಬೇಕು?" ಭಾಗ್ಯಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

ಅವಳು ಹೇಳಿದ್ದು ಸುಳ್ಳಲ್ಲ. ಹತ್ತು ತಿಂಗಳ ಹಿಂದೆ ಡಾಕ್ಟರು ಸೀತಾಳ ಶುಗರ್ ರಿಪೋರ್ಟು ನೋಡಿ, "ಗುಳಿಗೆ ಬೇಕಾ, ನಡಿಗೆ ಬೇಕಾ?" ಎಂದು ಕೇಳಿದ್ದರು. ಮರುದಿನದಿಂದಲೇ ಅವಳು ಬೆಳಗ್ಗೆ ಐದೂವರೆಗೆ ಮಡಿವಾಳ ಕೆರೆಯ ಸುತ್ತ ನಡೆಯತೊಡಗಿದಳು. ತೊಂಬತ್ತಾರು ಕೆಜಿಯಿಂದ ಎಪ್ಪತ್ತಕ್ಕೆ ಇಳಿದಿದ್ದಳು. ಆಫೀಸಿನಿಂದ ಬರುವಾಗ ಬಸ್‌ಸ್ಟಾಪಿನ ಫುಟ್‌ಪಾತಿನಲ್ಲಿ ತೂಕದ ಮೆಷಿನ್ ಇಟ್ಟುಕೊಂಡ ಮುದುಕನಿಗೆ ವಾರಕ್ಕೊಂದು ರೂಪಾಯಿ ಕೊಡುವಾಗ ಅವಳ ಎದೆ ಪರೀಕ್ಷೆಗೆ ಕೂತ ಹುಡುಗಿಯ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. "ಇಳೀತು ಮೇಡಂ!" ಎಂದು ಅವನೇ ಮೊದಲು ಕೂಗುತ್ತಿದ್ದ.

ತೂಕ ಇಳಿಸುವುದಕ್ಕೆ ದುಡ್ಡು ಬೇಕಾಗಿರಲಿಲ್ಲ. ಇಳಿದ ಮೈಗೆ ಬಟ್ಟೆ ಹೊಂದಿಸುವುದೇ ಕಷ್ಟವಾಗಿತ್ತು. ಸೀರೆ ಯಾವ ಮೈಗಾದರೂ ಸುತ್ತಿಕೊಳ್ಳುತ್ತದೆ, ಲಂಗಕ್ಕೆ ಲಾಡಿ ಇದೆ. ಉಂಗುರಕ್ಕೆ ದಾರ ಸುತ್ತಿದಳು. ಚಪ್ಪಲಿ ಕೂಡ ದೊಡ್ಡದಾದಾಗ ಗಂಡ ಸೀನು ಬಿದ್ದು ಬಿದ್ದು ನಕ್ಕಿದ್ದ. ಆದರೆ ರವಿಕೆ, ಚೂಡಿದಾರ, ನೈಟಿ? ಒಂದನ್ನು ಹೊಲಿಸಿ ಮೂರು ಸಲ ಹಾಕುವಷ್ಟರಲ್ಲಿ ಅದು ಹೆಗಲಿನಿಂದ ಜಾರುತ್ತಿತ್ತು. ಜಯನಗರದ ಟೇಲರು ಕೈ ಮುಗಿದಿದ್ದ: "ಮೇಡಂ, ಮೊದ್ಲು ಎಲ್ಲಾದ್ರೂ ಒಂದ್ ಕಡೆ ನಿಲ್ಲಿ. ಆಮೇಲೆ ಬನ್ನಿ."

ಅಂದಿನಿಂದ ಅತ್ತೆಯ ಹಳೆಯ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಟ್ಟು ತಾನೇ ಕೂತಳು. ಆಫೀಸಿಗೆ ಬೇಕಾದ ಐದಾರು ರವಿಕೆಗಳನ್ನು ತಿಂಗಳಿಗೊಮ್ಮೆ ಬಿಗಿ ಮಾಡುವುದು; ಉಳಿದದ್ದನ್ನು ಒಗೆದು ಮಡಿಸಿ ರಟ್ಟಿನ ಪೆಟ್ಟಿಗೆಗೆ ಹಾಕುವುದು. ತೀರಾ ದೊಡ್ಡವು ತಳದಲ್ಲಿ, ಆಮೇಲೆ ಬಿಟ್ಟವು ಅವುಗಳ ಮೇಲೆ. ಭಾಗ್ಯಳಿಗೆ ಮೂರು ತಿಂಗಳಾಗಿ ಚೂಡಿದಾರ ಹಿಡಿಯತೊಡಗಿದಾಗ ಪೆಟ್ಟಿಗೆ ಮಹಡಿಗೆ ಹೋಯಿತು. ಅವಳು ಮೇಲಿನಿಂದ ಒಂದೊಂದೇ ತೆಗೆದು ಹಾಕಿಕೊಳ್ಳುತ್ತ ಪೆಟ್ಟಿಗೆಯ ತಳದ ಕಡೆಗೆ ಇಳಿದಳು. "ನೀವು ಬಿಟ್ಟಿದ್ದು ನಾ ಹಿಡಿಯಾಕತ್ತೀನಿ ನೋಡ್ರಿ," ಎಂದು ನಗುತ್ತಿದ್ದಳು.

ಈಗ ಸೀತಾ ಕುಬಸವನ್ನು ಬಿಚ್ಚಿಸಿ ಒಳಮಗ್ಗುಲು ತಿರುಗಿಸಿದಳು. ಊರಿನ ಟೇಲರು ಒಳಗೆ ಒಂದು ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ.

"ಕಟ್ ಮಾಡಿ ಉಳಿದಿದ್ ಚೂರೇನಾದ್ರೂ ತಂದಿದೀರಾಮ್ಮ?"

"ಒಂದು ತುಣುಕು ಸೈತ ಇಲ್ರೀ."

"ಪಿನ್ ಹಾಕಿ ಮ್ಯಾಲ ಸೆರಗು ಹೊಚ್ಚಿದ್ರ ನಡೀತೈತಿ ಬಿಡವ್ವಾ," ಎಂದಳು ಭಾಗ್ಯ.

"ಏನ್ ನಡೀತೈತಿ?" ರೇಣುಕವ್ವನ ದನಿ ಏರಿತು. ಹೊರಕೋಣೆಯ ನೆನಪಾಗಿ ತಟ್ಟನೆ ತಗ್ಗಿಸಿದರು. "ನಿಮ್ಮತ್ತಿ ಮುಂದ ನನ್ನ ಮಗಳು ತೆರೆದ ಕುಬಸ ತೊಟ್ಟು ಕುಂಡರಬೇಕೇನ? ತವರಿನವರಿಗೆ ಮಗಳ ಅಳತಿ ಗೊತ್ತಿಲ್ಲ ಅಂತಾರ. ಸಾಯೂತನಕ ಅಂತಾರ."

ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ, ಅದೇ ಬಣ್ಣದ ಬಟ್ಟೆ ಹುಡುಕಿ ಬರುವಷ್ಟು ಹೊತ್ತಿರಲಿಲ್ಲ. ಸೀತಾ ಕುಬಸದ ಅಂಚನ್ನು ತನ್ನ ರವಿಕೆಯ ತೋಳಿನ ಮೇಲೆ ಹಿಡಿದು ನೋಡಿದಳು. ಹಸಿರಿನ ಮೇಲೆ ಹಸಿರು. ತನ್ನದು ಒಂದು ಎಳೆ ಗಾಢ, ಅಷ್ಟೆ. ಕಂಕುಳ ಕೆಳಗೆ ಯಾರಿಗೂ ಕಾಣದು.

"ಬನ್ನಿಮ್ಮಾ," ಎಂದಳು. "ಅದನ್ನ ತಗೊಂಡು ಕೆಳಗ್ ಬನ್ನಿ."

ಕೆಳಗೆ ಒಳಕೋಣೆಯಲ್ಲಿ ಸೀರೆ ಸುತ್ತಿಕೊಂಡು ರವಿಕೆ ತೆಗೆದು ಮೆಷಿನ್ನಿನ ಮೇಲೆ ತಿರುಗಿಸಿ ಹಾಕಿದಳು. ಎರಡೂ ಮಗ್ಗುಲಲ್ಲಿ ಹೊಲಿಗೆಯ ಸಾಲುಗಳು, ಒಂದರ ಒಳಗೊಂದು, ಒಟ್ಟು ಏಳು. ಯುಗಾದಿಗೆ ಹಾಕಿದ್ದು, ನಾದಿನಿಯ ಗೃಹಪ್ರವೇಶಕ್ಕೆ ಹಾಕಿದ್ದು, ಗೌರಿ ಹಬ್ಬಕ್ಕೆ ಹಾಕಿದ್ದು. ನಿನ್ನೆಯ ಹೊಲಿಗೆಯಾಚೆ ಮೂರು ಬೆರಳು ಅಗಲದ ರೇಷ್ಮೆ ಸುರುಳಿ ಸುತ್ತಿಕೊಂಡಿತ್ತು. ದೊಡ್ಡ ಬಟ್ಟೆಗಳೆಲ್ಲ ಮಹಡಿ ಹತ್ತಿದ ಮೇಲೆ, ಹೊಲಿಗೆ ಬಿಚ್ಚಿದರೆ ಹಳೆಯ ಸೀತಾ ತೊಡಬಹುದಾಗಿದ್ದ ರೇಷ್ಮೆ ರವಿಕೆ ಇದೊಂದೇ.

ಕತ್ತರಿ ಕೈಗೆತ್ತಿಕೊಂಡಾಗ ಹಿಂದಿನಿಂದ ಅತ್ತೆ ಕಮಲಾದೇವಿಯ ದನಿ ಬಂತು.

"ಏನೇ ಮಾಡ್ತಿದೀಯ?"

ಸೀತಾ ಹೇಳಿದಳು.

"ಬಿಚ್ಚಿ ದಪ್ಪ ಮಾಡ್ಕೊಳಕ್ಕೆ ಅಂತ ಇರೋದು ಕಣೇ ಅದು. ಚಿಕ್ಕೋನು ಆಶ್ರಿತ್ ಹುಟ್ಟಿದ ವರ್ಷಾನೂ ಹೀಗೇ ಕುಣಿದಿದ್ದೆ, ಹನ್ನೊಂದು ಕೆಜಿ ಇಳಿದೆ ಅಂತ. ಆರು ರವಿಕೆ ಕತ್ತರಿಸಿದೆ. ವರ್ಷ ತುಂಬೋದ್ರೊಳಗೆ ಆರೂ ಒರೆಸೋ ಬಟ್ಟೆ ಆಯ್ತು. ಮರೆತೋಯ್ತಾ?"

ಮರೆತಿರಲಿಲ್ಲ. ಆ ಆರರಲ್ಲಿ ಒಂದು ನೇರಳೆ ಬಣ್ಣದ್ದು. ಎಷ್ಟೋ ದಿನ ಅದರಲ್ಲಿ ಗ್ಯಾಸ್ ಒಲೆ ಒರೆಸುವಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಈ ಸಲ ಹಾಗಾಗುವುದಿಲ್ಲ ಎಂದು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ಎರಡು ವಾರ ನಡಿಗೆ ತಪ್ಪಿದಾಗ ಮುಳ್ಳು ಮೇಲಕ್ಕೆ ಹೋಗಿದ್ದನ್ನು ಆ ತೂಕದ ಮುದುಕನೂ ಬಾಯಿಬಿಟ್ಟು ಹೇಳಿರಲಿಲ್ಲ. ಕತ್ತರಿ ಹಿಡಿದ ಕೈ ಹಾಗೇ ನಿಂತಿತು.

ಬಾಗಿಲಲ್ಲಿ ನಿಂತಿದ್ದ ರೇಣುಕವ್ವ ನಿಧಾನವಾಗಿ ಹೇಳಿದರು: "ಬ್ಯಾಡ ಬಿಡ್ರಿ ಅಕ್ಕಾರ. ಅಮ್ಮಾರು ಹೇಳೂದು ಖರೇನ ಐತಿ. ಮತ್ತ, ತೊಟ್ಟ ಬಟ್ಟಿ ಹೊಸ ಕುಬಸಕ್ಕ ಹಚ್ಚಬಾರದು ಅಂತಾರ."

ಕಮಲಾದೇವಿ ಆ ಕಡೆ ತಿರುಗಿದರು. "ರೇಷ್ಮೆಗೆಂಥ ಮೈಲಿಗೆ ಕಣಮ್ಮಾ? ನಮ್ ಸೊಸೆ ಮುತ್ತೈದೆ, ಇಬ್ರು ಮಕ್ಕಳ ತಾಯಿ, ಅವಳು ತೊಟ್ಟಿದ್ದು ನಿಮ್ ಹುಡುಗಿಗೆ ಆಗಿಬರಲ್ವಾ? ನಾನು ಹೇಳ್ತಿರೋದು ಅದಲ್ಲ." ಮತ್ತೆ ಸೊಸೆಯ ಕಡೆ ನೋಡಿದರು. "ನಾಳೆ ಮತ್ತೆ ದಪ್ಪ ಆದ್ರೆ ಏನ್ ಮಾಡ್ತೀಯ?"

"ಹೊಸದು ಹೊಲಿಸ್ಕೋತೀನಿ ಅತ್ತೆ."

"ಯಾವ ದುಡ್ಡಲ್ಲಿ?"

"ದಪ್ಪ ಆದ್ಮೇಲೆ ಯೋಚ್ನೆ ಮಾಡ್ತೀನಿ!"

ಹೇಳಿದ ಮೇಲೆ ಅವಳಿಗೇ ನಗು ಬಂತು. ನಗುತ್ತಲೇ ಕತ್ತರಿಯ ಬಾಯಿ ತೆರೆದು, ನಿನ್ನೆ ಹಾಕಿದ ಹೊಲಿಗೆಯಿಂದ ಅರ್ಧ ಬೆರಳು ಬಿಟ್ಟು, ಕಂಕುಳಿನಿಂದ ಕೆಳಗಿನವರೆಗೆ ಒಂದೇ ಸಮನೆ ಓಡಿಸಿದಳು. ರೇಷ್ಮೆ ಕರ್ರ್ ಎಂದಿತು. ಒಂದು ಪಟ್ಟಿ ಬಿತ್ತು. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಕತ್ತರಿಸಿದಳು.

"ಹನ್ನೊಂದೂ ಹತ್ತು," ಎಂದು ಕಮಲಾದೇವಿ ಗಡಿಯಾರ ನೋಡಿ ಹೇಳಿದರು. ಕನ್ನಡಕ ಹಾಕಿಕೊಂಡು ಕೂತು, ಕೆಳಗೆ ಬಿದ್ದ ಪಟ್ಟಿಯನ್ನೆತ್ತಿ, ಬ್ಲೇಡಿನಿಂದ ಯುಗಾದಿಯ ಹೊಲಿಗೆ, ಗೃಹಪ್ರವೇಶದ ಹೊಲಿಗೆ ಒಂದೊಂದಾಗಿ ಬಿಚ್ಚತೊಡಗಿದರು. "ಏನ್ ಹೊಲಿಗೇನೇ ಇದು! ಹಗ್ಗ ಕಟ್ಟಿದ ಹಂಗಿದೆ."

"ನಾ ಇಸ್ತ್ರಿ ಹಿಡಿಲೇನ್ರಿ?" ಎಂದು ರೇಣುಕವ್ವ ಸೆರಗು ಬಿಗಿದರು.

ಮೂವರು ಸೇರಿ ಬಿಚ್ಚಿದರು, ಇಸ್ತ್ರಿ ಮಾಡಿದರು, ಅಳೆದರು. ಸೀತಾ ಮೆಷಿನ್ನು ತುಳಿದಳು. ದಾರ ಒಮ್ಮೆ ಕಡಿಯಿತು, ಬಾಬಿನ್ ಒಮ್ಮೆ ಖಾಲಿಯಾಯಿತು. ಪ್ರತಿ ಸಲವೂ ರೇಣುಕವ್ವ ಊರಿನ ದೇವಿಯನ್ನು ಗಟ್ಟಿಯಾಗಿ ಕರೆದರು. ಮೇಲಿನಿಂದ ಯಾರೋ, "ಬೀಗತಿ ಎಲ್ಲಿ ಹೋದ್ರು?" ಎಂದು ಕೇಳಿದ್ದು, ಭಾಗ್ಯ, "ಅಕ್ಕಾರ ಮನಿಗೆ, ತಾಟು ತರಾಕ," ಎಂದು ಸುಳ್ಳು ಹೇಳಿದ್ದು ಕಿಟಕಿಯಿಂದ ಕೇಳಿಸಿತು.

ಹನ್ನೊಂದು ನಲವತ್ತಕ್ಕೆ ಮಹಡಿಯ ಒಳಕೋಣೆಯಲ್ಲಿ ಸೀತಾ ಒಂದೊಂದೇ ಹುಕ್ಕು ಹಾಕಿದಳು. ಕೊನೆಯದಕ್ಕೆ ಭಾಗ್ಯ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದಳು.

"ಉಸಿರು ಬಿಡೇ, ಹಾಕಾಯ್ತು."

"ಹಾಕಿದ್ರಿ?" ಭಾಗ್ಯ ಕಣ್ಣು ಬಿಟ್ಟು, ಎರಡೂ ಕೈ ಎತ್ತಿ ನೋಡಿಕೊಂಡು, ಸೀತಾಳ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರ ನಡುವೆ ಹೊಟ್ಟೆ ಅಡ್ಡ ಬಂತು. ರೇಣುಕವ್ವ ಮಗಳ ಕಂಕುಳ ಕೆಳಗೆ ಬೆರಳಾಡಿಸಿದರು. ಎರಡು ಹಸಿರು ಎಲ್ಲಿ ಸೇರಿದ್ದವೆಂದು ಅವರಿಗೂ ಸಿಗಲಿಲ್ಲ. ಮೂಗು ಒರೆಸಿಕೊಂಡು ಹೊರಗೆ ನಡೆದರು.

ಭಾಗ್ಯಳನ್ನು ಮಣೆಯ ಮೇಲೆ ಕೂರಿಸಿದರು. ಬಳೆ ಇಟ್ಟರು, ಉಡಿಗೆ ಅಕ್ಕಿ, ಕೊಬ್ಬರಿ, ಬಾಳೆಹಣ್ಣು ಸುರಿದರು. ಅವಳ ಅತ್ತೆ ಕುಬಸದ ತೋಳು ಮುಟ್ಟಿ ನೋಡಿ, "ಛಲೋ ಕುಂತೈತಿ. ಅಳತಿ ತಪ್ಪಿಲ್ಲ ನೋಡ್ರಿ," ಎಂದು ಬೀಗತಿಗೆ ಹೇಳಿದರು. ರೇಣುಕವ್ವ ಸೀತಾಳ ಕಡೆ ನೋಡಲೇ ಇಲ್ಲ. ನೋಡಿದರೆ ನಗು ಬರುತ್ತಿತ್ತು.

ಆರತಿ ಎತ್ತಲು ಐವರು ಮುತ್ತೈದೆಯರು ನಿಂತರು. ಅವರಲ್ಲಿ ಸೀತಾ ಒಬ್ಬಳು. ತಟ್ಟೆ ಎತ್ತಿ, ಮೂರು ಸಲ ಸುತ್ತಿಸಿ, ಪಕ್ಕದವಳಿಗೆ ಕೊಟ್ಟು ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಕೈ ಕೆಳಗಿಳಿಸಿದಳು. ಕಂಕುಳಲ್ಲಿ ದಪ್ಪ ಸುರುಳಿ ಇರಲಿಲ್ಲ. ಎಷ್ಟೋ ತಿಂಗಳಿಂದ ಮೈಯಿಂದ ಒಂದಿಷ್ಟು ದೂರ ನಿಲ್ಲುತ್ತಿದ್ದ ತೋಳು ಈಗ ಪಕ್ಕೆಲುಬಿನ ಮೇಲೆ ಬಂದು ಮಲಗಿತು. ಅಲ್ಲಿ, ತೆಳ್ಳನೆಯ ರೇಷ್ಮೆಯ ಆಚೆ, ಅವಳ ಉಸಿರು ಏರಿ ಇಳಿಯುತ್ತಿದ್ದುದು ಅವಳ ತೋಳಿಗೇ ತಿಳಿಯುತ್ತಿತ್ತು.