ಕಲ್ಲವ್ವನ ಸಣ್ಣಾಟ

ಈರಣ್ಣ ಬಾಗಿಲು ಒದ್ದು ಒಳಗೆ ಬಂದಾಗ ಶೈಲಾ ಅವ್ವನ ಹಣೆಗೆ ವಿಭೂತಿ ಬಳಿಯುತ್ತಿದ್ದಳು. ನಸುಕಿನಲ್ಲಿ ಎದೆನೋವಿನಿಂದ ಸತ್ತ ಕಲ್ಲವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಬಿಬವೇವಾಡಿಯ ಆ ಸಾಲುಮನೆಗಳ ಚಾಳಿಗೆ ಕಲ್ಲವ್ವನ ಗಂಡ ಈರಣ್ಣ ಕಾಲಿಡದೆ ನಾಲ್ಕು ವರ್ಷವಾಗಿತ್ತು. ಅವನನ್ನು ಕಂಡು ಹೆಂಗಸರು ಅಳು ನಿಲ್ಲಿಸಿದರು.

"ನನಗ ಹೇಳಿ ಕಳಸಾಕ ಏನಾಗಿತ್ತ ನಿನಗ?" ಮಗಳ ಮೇಲೆ ಹರಿಹಾಯ್ದ. "ನಾ ಇನ್ನೂ ಜೀವಂತ ಅದೀನಿ."

"ಗೊತ್ತದ," ಎಂದಳು ಶೈಲಾ, ತಿರುಗಿ ನೋಡದೆ.

ಕಲ್ಲವ್ವನ ಅಣ್ಣ ಅವ್ವಣ್ಣ ನಡುವೆ ಬಂದ. "ಕೂಡ್ರಿ, ಈರಣ್ಣಾರ. ಶೈಲಾ, ನೀ ಸುಮ್ಮನಿರವ್ವಾ. ಎಷ್ಟಂದ್ರೂ ಗಂಡ. ಮದಲ ಮಣ್ಣ ಅವರೇ ಹಾಕಬೇಕು."

*

ನಾಲ್ಕು ವರ್ಷದ ಹಿಂದೆ ಅವತ್ತು ಕಲ್ಲವ್ವ ಟೀವಿ ನೋಡಿ ನಗುತ್ತಿದ್ದಳು. ಅಂಗಡಿ ಮುಚ್ಚಿ ಬಂದ ಈರಣ್ಣ ಕದ ಬಡಿದದ್ದು ಕೇಳಿಸಲಿಲ್ಲ. ಆದದ್ದು ಅಷ್ಟೇ. ತೆರೆದ ಮೇಲೆ ಅವನು ಅವಳ ಬಲಗೈಯನ್ನು ಬಾಗಿಲ ಸಂದಿಗಿಟ್ಟು ಮೈಭಾರ ಹಾಕಿ ಕದ ಒತ್ತಿದ. ಬಿಡಿಸಿಕೊಳ್ಳಲು ಬಂದ ಎಡಗೈಯನ್ನೂ ಬಿಡಲಿಲ್ಲ. ಶೈಲಾ ಆಫೀಸಿನಿಂದ ಬಂದಾಗ ಕದದ ಅಂಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವಳೇ ಪೋಲೀಸರನ್ನು ಕರೆತಂದಳು. ಜೇಲಿನಿಂದ ಬಿಟ್ಟ ಮೇಲೆ ಈರಣ್ಣ ಸೋಲಾಪುರದ ತಮ್ಮನ ಮನೆ ಸೇರಿದ.

ಕಲ್ಲವ್ವನ ಬೆರಳುಗಳು ಸೊಟ್ಟಗೆ ಸೆಟೆದುಕೊಂಡವು. ರಿಮೋಟಿನ ಗುಂಡಿಯನ್ನೂ ಒತ್ತಲಾಗದು. ಶೈಲಾ ಹಳೆಯ ಕಂಪ್ಯೂಟರೊಂದನ್ನು ತಂದು ಟೀವಿಗೆ ಜೋಡಿಸಿ, ಅವ್ವ ಮೆಚ್ಚುವ ಹಾಡು-ಕುಣಿತದ ಜನಪದ ನಾಟಕ ಸಣ್ಣಾಟದ ಸೀಡಿಗಳನ್ನು ಊರಿನಿಂದ ತರಿಸಿ ಅದರೊಳಗೆ ತುಂಬಿದಳು. ಪಾಸ್‌ವರ್ಡ್ ತೆಗೆದಳು. ಯಂತ್ರ ಎದ್ದ ಕೂಡಲೆ ಆಟ ತಾನಾಗಿಯೇ ಪರದೆ ತುಂಬ ಶುರುವಾಗುವಂತೆ ಪ್ಲೇಯರನ್ನು ಸ್ಟಾರ್ಟಪ್‌ನಲ್ಲಿ ಹಾಕಿದಳು. ಮೊದಲ ದಿನ ಯಾವುದೋ ಪ್ರಶ್ನೆಯ ಚೌಕ ಅಡ್ಡ ಬಂದು ನಿಂತಿತು. ಸಂಜೆಯವರೆಗೆ ಕಲ್ಲವ್ವ ಅದನ್ನೇ ನೋಡುತ್ತ ಕೂತಿದ್ದಳು.

"ಅದೇನೋ ಕೇಳಾಕತ್ತಿತ್ತವ್ವಾ. ಬೆರಳಿಲ್ಲದಾಕಿ ಏನ ಹೇಳ್ಲಿ?"

ಶೈಲಾ ಆ ಪ್ರಶ್ನೆಯನ್ನೂ ಕಿತ್ತುಹಾಕಿದಳು. ಲೋಡ್ ಶೆಡ್ಡಿಂಗ್ ಮುಗಿದು ಕರೆಂಟು ಬಂದರೆ ಯಂತ್ರ ತಾನೇ ಏಳುವಂತೆ ಮಾಡಿದಳು. ಆಮೇಲೆ ಮೊಣಕೈಯಿಂದ ಸ್ವಿಚ್ಚು ಒತ್ತಿದರೆ ಸಾಕು, ಆಟದಲ್ಲಿ ಜನರನ್ನು ನಗಿಸುವ ಪಾತ್ರಧಾರಿ ಸಾರಥಿ ಕುಣಿಯುತ್ತ ಬರುತ್ತಿದ್ದ. ಒಮ್ಮೆ ಪಕ್ಕದ ಮನೆಯ ನೀತಾ ಗಾಬರಿಯಾಗಿ ಓಡಿಬಂದಳು. ಕಲ್ಲವ್ವ ನಕ್ಕದ್ದನ್ನು ಅವಳು ಚೀರಾಟವೆಂದುಕೊಂಡಿದ್ದಳು. ಆ ಮನೆಯಿಂದ ಬೇರೆ ಸದ್ದನ್ನು ಚಾಳಿನವರು ಕೇಳಿರಲಿಲ್ಲ.

*

ಸಾವಿನ ಮನೆಗೆ ಮಧ್ಯಾಹ್ನ ಕರೆಂಟು ಬಂತು. ಸ್ವಿಚ್ಚು ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಜಂಗಮರ ಮಂತ್ರದ ನಡುವೆ ಟೀವಿ ಬೆಳಗಿ, ಸಾರಥಿಯ ನಗೆ ಮನೆ ತುಂಬಿತು.

"ಹೆಣದ ಮುಂದ ಆಟ ಹಚ್ಚೀಯೇನ, ಹಲ್ಕಟ್ಟ!"

ಈರಣ್ಣ ಕಂಪ್ಯೂಟರಿನ ಡಬ್ಬಿಯನ್ನು ಒದ್ದ. ಅಡ್ಡ ಬಂದ ಶೈಲಾಳ ಜಡೆ ಹಿಡಿದು ಹಣೆಯನ್ನು ಗೋಡೆಗೆ ಚಚ್ಚಿದ. ಅವಳ ಕೈಗೆ ಸಿಕ್ಕಿದ್ದು ಕೀಬೋರ್ಡು. ಎತ್ತಿ ಅಪ್ಪನ ಮುಖಕ್ಕೆ ಬೀಸಿದಳು. ಅದರ ಅಕ್ಷರದ ಕೀಲಿಗಳು ಹಾರಿ ಕಲ್ಲವ್ವನ ಮಡಿಲಿಗೆ ಬಿದ್ದವು. ಮತ್ತೆ ಬೀಸಿದಳು. ಮೂಗಿನ ಎಲುಬು ಮುರಿದದ್ದು ಅವಳ ಮಣಿಕಟ್ಟಿಗೆ ತಿಳಿಯಿತು. ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಅಂಜಿಕೆಯೂ ಆಯಿತು, ಆದರೆ ಕೈ ನಿಲ್ಲಲಿಲ್ಲ.

"ಸೋಡ್ ಗ ತ್ಯಾಲಾ! ಮರೇಲ್ ತೋ!" ಬಿಡು, ಸತ್ತುಹೋದಾನು ಎಂದು ನೀತಾ ತನ್ನ ಮರಾಠಿಯಲ್ಲಿ ಕೂಗುತ್ತ ಹಿಂದಿನಿಂದ ತಬ್ಬಿ ಎಳೆದಳು.

ಶೈಲಾ ಏದುಸಿರಿನಲ್ಲೇ ಅವ್ವಣ್ಣನತ್ತ ತಿರುಗಿದಳು. "ಮಾವಾ, ಇವ ಮಣ್ಣ ಹಾಕೂದಾದ್ರ ನಾ ಅವ್ವನ್ನ ಎತ್ತಗೊಡೂದಿಲ್ಲ."

ಅವ್ವಣ್ಣ ಬಾಗಿ ತಂಗಿಯ ಮಡಿಲಿನಿಂದ ಕೀಲಿಗಳನ್ನು ಆರಿಸತೊಡಗಿದ. ಅಣ್ಣ ಬಂದಾಗಲೆಲ್ಲ ಅವಳು ಕೈಗಳನ್ನು ಸೆರಗಿನಡಿ ಅಡಗಿಸಿಡುತ್ತಿದ್ದಳು. ಈಗ ಅವು ಬಯಲಿಗೆ ಬಿದ್ದಿದ್ದವು. ಬಹಳ ಹೊತ್ತು ನೋಡಿದ. ಎದ್ದು ಈರಣ್ಣನ ಕೊರಳಪಟ್ಟಿ ಹಿಡಿದ.

"ನಡೀ ಹೊರಗ."

ಮೆಟ್ಟಿಲುಗಳ ಮೇಲೆ ಈರಣ್ಣ ಉರುಳಿ ಬಿದ್ದ ಸದ್ದು ಒಳಗೂ ಕೇಳಿಸಿತು.

*

ರುದ್ರಭೂಮಿಯಲ್ಲಿ ಮೊದಲ ಹಿಡಿ ಮಣ್ಣನ್ನು ಶೈಲಾ ಹಾಕಿದಳು. ತಲೆಯೆತ್ತಿದಾಗ ಗೇಟಿನಾಚೆ ಅಪ್ಪ ಕಂಡ. ಮೂಗಿಗೆ ಟವೆಲ್ಲು ಒತ್ತಿಕೊಂಡು, ರಸ್ತೆ ಬದಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದ. ಒಳಗಿದ್ದವರು ಒಬ್ಬೊಬ್ಬರಾಗಿ ಹಾಕಿ ಮುಗಿಸಿದರು. ಅವನ ಮುಷ್ಟಿಯ ಮಣ್ಣು ಸಣ್ಣಗೆ ಸೋರಿ ಅವನ ಚಪ್ಪಲಿಯ ಮೇಲೆಯೇ ಬೀಳುತ್ತಿತ್ತು.