ಒಂದು ಪಾಯಿಂಟಿನ ಕಪ್

ಚೆಂಡು ಕಂಬಗಳ ನಡುವೆ ಹೋಗಲಿಲ್ಲ. ಆ ವಿಷಯದಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಬಲಗಡೆಯ ಕಂಬದಿಂದ ಎರಡು ಮೊಳ ಆಚೆ ಹಾದು ಎದುರಾಳಿಗಳ ಎಂಡ್‌ಝೋನಿನಲ್ಲಿ, ಅಂದರೆ ಮೈದಾನದ ಆ ತುದಿಯ ಪಟ್ಟಿಯಲ್ಲಿ, ಬಿತ್ತು. ಸ್ಟೇಡಿಯಮ್ಮಿನ ತಣ್ಣನೆಯ ಬೆಂಚಿನ ಮೇಲೆ ಕೂತಿದ್ದ ಮಾಧುರಿ ಕಣ್ಣು ಮುಚ್ಚಿಕೊಂಡಳು. ಒದ್ದವನು ಅವಳ ಮಗ ನಿಜಗುಣ. ಎರಡೂ ತಂಡಗಳದು ಇಪ್ಪತ್ತಮೂರು ಪಾಯಿಂಟು, ಗಡಿಯಾರ ನಿಂತಾಗಿತ್ತು, ಅದು ರಾಷ್ಟ್ರೀಯ ಫೈನಲ್ಲಿನ ಕಡೆಯ ಒದೆತ.

"ತಪ್ಪಿಸಿದ್ನಲ್ಲಾ," ಎಂದ ಪಕ್ಕದಲ್ಲಿದ್ದ ಗಂಡ ಚನ್ನಬಸಯ್ಯ.

ಆದರೆ ಸುತ್ತಲಿನವರು ಇನ್ನೂ ಕೂಗುತ್ತಿದ್ದರು. ಕೆನಡಾದ ಫುಟ್‌ಬಾಲಿನಲ್ಲಿ ಗುರಿ ತಪ್ಪಿದ ಒದೆತಕ್ಕೂ ಒಂದು ಬೆಲೆಯಿದೆ. ಎಂಡ್‌ಝೋನಿಗೆ ಬಿದ್ದ ಚೆಂಡನ್ನು ಎದುರಾಳಿಗಳು ಗೆರೆ ದಾಟಿಸಿ ಹೊರಗೆ ತರಬೇಕು, ತರಲಾಗದಿದ್ದರೆ ಒದ್ದವರಿಗೆ ಒಂದು ಪಾಯಿಂಟು. ಫೋರ್ಟ್ ಆಲ್ಡನ್ ತಂಡದ ಹುಡುಗ ಚೆಂಡನ್ನು ಅವುಚಿಕೊಂಡು ಓಡಿದ. ಗೆರೆಯ ಹತ್ತಿರ ಐದು ಜನ ಅವನ ಮೇಲೆ ಬಿದ್ದರು. ರೆಫರಿ ಬಗ್ಗಿ ನೋಡಿ, ನಿಧಾನವಾಗಿ ಎದ್ದು ಒಂದು ಬೆರಳು ಎತ್ತಿದ. ನಿಜಗುಣನ ಕಿಂಗ್ಸ್‌ಮಿಯರ್ ಯೂನಿವರ್ಸಿಟಿ ಇಪ್ಪತ್ತನಾಲ್ಕು-ಇಪ್ಪತ್ತಮೂರರಿಂದ ಗೆದ್ದಿತು.

ಆ ವಾರವಿಡೀ ಅದೇ ವಿಡಿಯೋ ಎಲ್ಲರ ಫೋನಿನಲ್ಲಿ ಓಡಿತು. ಚೆಂಡು ಗೆರೆ ದಾಟಿತ್ತೇ, ಇಲ್ಲವೇ? ಸರಿಯಾಗಿ ಆ ಹೊತ್ತಿಗೆ ಯಾರದೋ ತೊಡೆ ಕ್ಯಾಮೆರಾಕ್ಕೆ ಅಡ್ಡ ಬಂದಿತ್ತು. ಫೋರ್ಟ್ ಆಲ್ಡನ್ನಿನವರು ದೂರು ಕೊಟ್ಟರು. ನಿಯಮಗಳ ಸಮಿತಿ ರೆಫರಿಯ ತೀರ್ಪನ್ನೇ ಎತ್ತಿಹಿಡಿಯಿತು. ಅವರು ಅಷ್ಟಕ್ಕೆ ಬಿಡಲಿಲ್ಲ. ಗೆದ್ದ ತಂಡದ ಪ್ರತಿಯೊಬ್ಬ ಆಟಗಾರನ ದಾಖಲೆ ಪರಿಶೀಲಿಸಬೇಕೆಂದು ಕೇಳಿದರು. ಹಿಂದಿನ ವರ್ಷ ಇಂತಿಷ್ಟು ವಿಷಯ ಪಾಸಾಗದವನು ಆಡುವಂತಿಲ್ಲ ಎಂಬ ನಿಯಮವಿತ್ತು.

ಆ ದಾಖಲೆಗಳಿದ್ದದ್ದು ಕಿಂಗ್ಸ್‌ಮಿಯರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ. ಮಾಧುರಿ ಅಲ್ಲಿ ಆರು ವರ್ಷದಿಂದ ಕ್ಲರ್ಕು.

ಅದಕ್ಕೂ ಮೊದಲು ಅವಳು ರೆಕ್ಸ್‌ಡೇಲಿನ ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಡಬ್ಬ ಕಟ್ಟುತ್ತಿದ್ದಳು. ಧಾರವಾಡದಲ್ಲಿ ಬಿ.ಕಾಂ. ಮುಗಿಸಿದ್ದವಳು ಹೀಗೆ ಡಬ್ಬ ಕಟ್ಟುವುದು ಸರಿಯಲ್ಲವೆಂದು ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಪರಿಚಯವಾದ ವೇಣುಗೋಪಾಲರೇ ಅರ್ಜಿ ತುಂಬಿಸಿ ಈ ಕೆಲಸ ಕೊಡಿಸಿದ್ದರು. ಮೈಸೂರಿನವರು, ಆಫೀಸಿನ ಎರಡನೇ ಅಧಿಕಾರಿ. ತಂಡದ ಕೆಂಪು ಮಫ್ಲರ್ ಸುತ್ತಿಕೊಂಡು ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ನಿಜಗುಣ ತಂಡಕ್ಕೆ ಆಯ್ಕೆಯಾದ ದಿನ ಇಡೀ ಆಫೀಸಿಗೆ ಸಮೋಸ ತರಿಸಿದ್ದರು.

ಡಿಸೆಂಬರಿನ ಮೊದಲ ಗುರುವಾರ, ತನಿಖೆಗೆಂದು ಹೊರಗಿನಿಂದ ನೇಮಕವಾಗಿದ್ದ ವಕೀಲೆ ಪ್ಯಾಟ್ರಿಷಾ ಲೋವ್ ಮಾಧುರಿಯನ್ನು ಕರೆಸಿದಳು. ಮೇಜಿನ ಮೇಲೆ ಒಂದೇ ಒಂದು ಹಾಳೆ. ನಿಜಗುಣ ಮೇ ತಿಂಗಳಲ್ಲಿ ಸ್ಟಾಟಿಸ್ಟಿಕ್ಸಿನಲ್ಲಿ ಫೇಲಾಗಿದ್ದ. ಆಗಸ್ಟ್ ಹದಿನೇಳರಂದು ಫೇಲಿನ ಎಫ್ ಇದ್ದಲ್ಲಿ ಪಾಸಿನ ಸಿ ಬಂದಿತ್ತು. ಪ್ರೊಫೆಸರ್ ಸಹಿ ಮಾಡಿದ ಫಾರ್ಮು ಇರಲಿಲ್ಲ. ಕೇಳಿದರೆ ಪ್ರೊಫೆಸರು ತನಗೇನೂ ಗೊತ್ತಿಲ್ಲ ಎಂದಿದ್ದರು. ಬದಲಾವಣೆಯಾದದ್ದು ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ, ಮಾಧುರಿಯ ಕಂಪ್ಯೂಟರಿನಿಂದ, ಮಾಧುರಿಯ ಐಡಿಯಲ್ಲಿ.

"ಇದನ್ನು ನೀವು ಮಾಡಿದಿರಾ?" ಎಂದು ವಕೀಲೆ ಇಂಗ್ಲಿಷಿನಲ್ಲಿ ಕೇಳಿದಳು. ದನಿ ಮೃದುವಾಗಿತ್ತು, ಕಣ್ಣು ಮಾತ್ರ ಮಾಧುರಿಯ ಕೈಬೆರಳುಗಳ ಮೇಲಿತ್ತು.

ಆಗಸ್ಟ್ ಹದಿನೇಳು ಎಂದ ಕೂಡಲೇ ಮಾಧುರಿಗೆ ದವಡೆ ಜುಂ ಎಂದಿತು. ಆವತ್ತು ಅವಳಿಗೆ ಹಲ್ಲಿನ ರೂಟ್ ಕೆನಾಲ್. "ನೀವು ಹೊರಡಿ, ನಿಮ್ಮ ಸಿಸ್ಟಂ ನಾನು ಕ್ಲೋಸ್ ಮಾಡ್ತೀನಿ" ಎಂದು ವೇಣುಗೋಪಾಲರೇ ಮೂರು ಗಂಟೆಗೆ ಕಳಿಸಿದ್ದರು. ನಿಜಗುಣ ಕಾರಿನಲ್ಲಿ ಫಿಂಚ್ ರಸ್ತೆಯ ಹತ್ತಿರದ ಡೆಂಟಿಸ್ಟ್ ಬಳಿ ಬಿಟ್ಟಿದ್ದ. ನಾಲ್ಕು ಹನ್ನೆರಡಕ್ಕೆ ಅವಳು ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಮಲಗಿದ್ದಳು. ರಸೀತಿ ತೋರಿಸಿದರೆ ಮುಗಿಯಿತು.

ಹೇಳಲು ಬಾಯಿ ತೆರೆದವಳಿಗೆ ಇನ್ನೊಂದು ನೆನಪಾಯಿತು. ಇನ್ಶೂರೆನ್ಸ್ ಕಾರ್ಡು ಮೇಜಿನ ಡ್ರಾಯರಿನಲ್ಲೇ ಉಳಿದಿತ್ತು. ಅದನ್ನು ತರಲು ನಿಜಗುಣ ಒಬ್ಬನೇ ಆಫೀಸಿಗೆ ಮರಳಿ ಹೋಗಿದ್ದ. ಬಂದಾಗ ನಾಲ್ಕೂವರೆಯ ಹತ್ತಿರ.

"ನೆನಪಿಲ್ಲ," ಎಂದಳು ಮಾಧುರಿ.

ಅಲ್ಲಿಂದ ಅವಳ ಮನಸ್ಸಿಗೆ ನೆಮ್ಮದಿ ಇಲ್ಲದಾಯಿತು. ಆಫೀಸಿನಲ್ಲಿ ಅವಳು ಕಾಫಿ ಮೆಷಿನ್ನಿನ ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಮಗನಿಗಾಗಿ ತಾಯಿ ಮಾಡಿದ್ದಾಳೆ, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಎಲ್ಲರೂ ನೋಡುತ್ತಿದ್ದರು. ನೋಡಲಿ ಬಿಡು ಎಂದುಕೊಂಡಳು. ತನ್ನ ಮೇಲೆ ಅನುಮಾನ ಇರುವಷ್ಟು ದಿನ ಅದು ಬೇರೆ ಕಡೆ ತಿರುಗುವುದಿಲ್ಲ. ಮನೆಗೆ ಬಂದು ಡೆಂಟಿಸ್ಟಿನ ರಸೀತಿಯನ್ನು ಹುಡುಕಿ, ಜೋಳದ ಹಿಟ್ಟಿನ ಡಬ್ಬಿಯ ಅಡಿಗೆ ಮಡಚಿಟ್ಟಳು.

ಮೂರನೇ ದಿನ ಚನ್ನಬಸಯ್ಯ ಊಟದ ತಾಟು ಸರಿಸಿ ಕೇಳಿಯೇಬಿಟ್ಟ. "ಖರೇ ಹೇಳು. ನೀನ ಮಾಡಿಯೇನು?"

"ನಿಮಗ ಹಂಗ ಅನಸ್ತದೇನ್ರಿ?"

"ಅನಸೂದಲ್ಲ. ಕೇಳಾಕತ್ತೀನಿ ಅಷ್ಟ."

ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವನು ಹೀಗೆ ಕೇಳಿದ್ದು ಅವಳಿಗೆ ಚುಚ್ಚಿತು. ಆದರೆ ತಾನು ಮಗನ ಬಗ್ಗೆ ಮಾಡುತ್ತಿರುವುದೂ ಇದೇ ಅಲ್ಲವೇ? ನಿಜಗುಣ ಸ್ನಾನಕ್ಕೆ ಹೋದಾಗ ಅವನ ಬ್ಯಾಗು ತಡಕಾಡಿದಳು. ಮೊದಲು ಫೋನನ್ನು ಎಲ್ಲೆಂದರಲ್ಲಿ ಬಿಸಾಡುತ್ತಿದ್ದವನು ಈಗ ಬೋರಲು ಇಡುತ್ತಿದ್ದ. ತಂಡದ ಕೋಚ್‌ನ ಕರೆ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಗಾಜಿನಾಚೆ ಅವನ ಬಾಯಿ ಆಡುವುದನ್ನು ಅವಳು ಒಲೆಯ ಮುಂದೆ ನಿಂತು ನೋಡುತ್ತಿದ್ದಳು. ಅವಳ ಪಾಸ್‌ವರ್ಡು ಅವನಿಗೆ ಗೊತ್ತಿತ್ತೇ? ಅವನ ಹುಟ್ಟಿದ ದಿನವೇ ಪಾಸ್‌ವರ್ಡು. ಹತ್ತು ನಿಮಿಷ ಅಲ್ಲಿ ಕೂತರೆ ಯಾರಿಗೂ ಆಗದ ಕೆಲಸವೇನಲ್ಲ.

ಇನ್ನೊಂದನ್ನು ಅವಳು ತನಗೇ ಒಪ್ಪಿಕೊಳ್ಳಲು ಹಿಂಜರಿಯುತ್ತಿದ್ದಳು. ಸೆಪ್ಟೆಂಬರಿನಲ್ಲಿ ಒಮ್ಮೆ ಮಗನ ಹಾಳೆ ತೆರೆದು ಆ ಸಿಯನ್ನು ಅವಳೇ ನೋಡಿದ್ದಳು. ಫೇಲಾದದ್ದು ಹೇಗೆ ಪಾಸಾಯಿತು, ಫಾರ್ಮು ಎಲ್ಲಿದೆ ಎಂದು ಬೇರೆ ಹುಡುಗನ ವಿಷಯದಲ್ಲಾಗಿದ್ದರೆ ಅರ್ಧ ಗಂಟೆಯಲ್ಲಿ ಹುಡುಕಿಸುತ್ತಿದ್ದಳು. ಆವತ್ತು ಮಾತ್ರ ಹಾಳೆ ಮುಚ್ಚಿ, ಮನೆಗೆ ಹೋಗಿ ಸಿಹಿ ಮಾದಲಿ ಮಾಡಿದ್ದಳು.

ಹನ್ನೊಂದನೆಯ ದಿನ ಭಾನುವಾರ. ಕಿಪ್ಲಿಂಗ್ ಅವೆನ್ಯೂದ ಪ್ಲಾಜಾದಲ್ಲಿ ತರಕಾರಿ ಕೊಂಡು ಕಾರಿಗೆ ತುಂಬಿದ ಮೇಲೆ ನಿಜಗುಣ ಸ್ಟಾರ್ಟ್ ಮಾಡಲು ಹೋದ. ಮಾಧುರಿ ಕೀಲಿಯ ಮೇಲೆ ಕೈಯಿಟ್ಟಳು.

"ಕಾರ್ಡ್ ತರಾಕ ಹೋದಾಗ ನನ್ನ ಕಂಪ್ಯೂಟರ್ ಮುಟ್ಟಿದೇನು?"

ಅವನು ಅವಳ ಕಡೆ ತಿರುಗಿ, ಅರ್ಥವಾಗದವನಂತೆ ಒಂದು ಕ್ಷಣ ನೋಡಿದ. "ಯೂ ಥಿಂಕ್ ಐ ಡಿಡ್ ಇಟ್?"

"ಕೇಳಾಕತ್ತೀನಿ." ಗಂಡ ಆಡಿದ ಮಾತೇ ತನ್ನ ಬಾಯಲ್ಲಿ ಬಂದದ್ದು ಅವಳ ಕಿವಿಗೆ ಬಿತ್ತು.

"ನೋ, ಅಮ್ಮ. ಐ ಕುಡಂಟ್. ಸಮ್‌ವನ್ ವಾಸ್ ಸಿಟಿಂಗ್ ದೇರ್." ಸ್ಟಿಯರಿಂಗಿನಿಂದ ಕೈ ತೆಗೆದು, "ವೇಣು ಅಂಕಲ್," ಎಂದ.

ಆಮೇಲೆ ಒಂದೊಂದೇ ಹೊರಬಂತು. ಜುಲೈನಲ್ಲಿ ದೇವಸ್ಥಾನದ ಪಾರ್ಕಿಂಗಿನಲ್ಲಿ ಅವರು ಓದು ಹೇಗಿದೆ ಎಂದು ಕೇಳಿದ್ದರು. ಇವನು ಫೇಲಾದದ್ದನ್ನು, ಈ ಸಲ ಆಡಲಾಗದು ಎಂಬುದನ್ನು ಹೇಳಿಕೊಂಡಿದ್ದ. ನೋಡೋಣ ಬಿಡು ಎಂದಿದ್ದರು. ಆಗಸ್ಟಿನಲ್ಲಿ ಇವನು ಆಫೀಸಿಗೆ ಹೋದಾಗ ಅಮ್ಮನ ಕುರ್ಚಿಯಲ್ಲಿ ಕೂತಿದ್ದರು, ಇವನನ್ನು ಕಂಡದ್ದೇ ಸ್ಕ್ರೀನ್ ಆರಿಸಿ ಎದ್ದರು. ಡ್ರಾಯರಿನಿಂದ ತಾವೇ ಕಾರ್ಡು ತೆಗೆದುಕೊಟ್ಟು ಬೆನ್ನು ತಟ್ಟಿದರು. ಇನ್ನು ಸ್ಟಾಟ್ಸ್ ಮರೆತುಬಿಡು, ಪ್ರಾಕ್ಟೀಸ್ ಮಾಡು ಎಂದರು.

"ಮತ್ತ ನೀನು ಏನೂ ಕೇಳ್ಲಿಲ್ಲಾ?"

"ಐ ವಾಂಟೆಡ್ ಟು ಪ್ಲೇ," ಎಂದ ನಿಜಗುಣ. "ಪ್ಲೀಸ್ ಡೋಂಟ್ ಟೆಲ್ ದೆಮ್. ಇಡೀ ಟೀಮ್ ಹೋಗ್ತದ ಅಮ್ಮ. ನಾನೊಬ್ಬನ ಅಲ್ಲ."

ಮಗ ಸುಳ್ಳು ಹೇಳುತ್ತಿಲ್ಲ ಎನಿಸಿತು. ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಹನ್ನೊಂದು ದಿನ ಅನುಮಾನಿಸಿದ ಮನಸ್ಸು ಒಂದೇ ಸಲಕ್ಕೆ ಸುಮ್ಮನಾಗುವುದಾದರೂ ಹೇಗೆ? ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಅವಳು ವೇಣುಗೋಪಾಲರ ಕೋಣೆಗೆ ಹೋಗಿ ನಿಂತಳು.

"ಹದಿನೇಳನೇ ತಾರೀಖು ನನ್ನ ಕುರ್ಚಿಯೊಳಗ ನೀವು ಕೂತಿದ್ರಂತಲ್ರಿ ಸರ."

ಅವರು ಎದ್ದು ಬಾಗಿಲು ಹಾಕಿದರು. ಅಲ್ಲಗಳೆಯುತ್ತಾರೆಂದು ಎಣಿಸಿದ್ದಳು, ಅವರು ಅಲ್ಲಗಳೆಯಲಿಲ್ಲ. "ಕೂತ್ಕೊಳ್ಳಿ ಮಾಧುರಿ. ನೋಡಿ, ಅವನು ಎರಡೇ ಮಾರ್ಕಿಗೆ ಫೇಲಾಗಿದ್ದ. ಎರಡು ಮಾರ್ಕಿಗೋಸ್ಕರ ಒಬ್ಬ ಹುಡುಗನ ಒಂದು ವರ್ಷ ಹಾಳು ಮಾಡೋದಾ? ನನಗೂ ಅವನು ಮಗನ ಥರಾನೇ."

"ಈಗ ಏನ್ ಮಾಡೂದ್ರಿ?"

"ಏನಿಲ್ಲ, ಡೇಟಾ ಎಂಟ್ರಿ ಮಿಸ್ಟೇಕ್ ಅಂತ ಹೇಳಿಬಿಡಿ. ಬೇರೆ ಸ್ಟೂಡೆಂಟ್‌ದು ಹಾಕೋಕೆ ಹೋಗಿ ಇವನದಕ್ಕೆ ಹಾಕಿಬಿಟ್ಟೆ ಅಂತ. ನಿಮಗೆ ಒಂದು ವಾರ್ನಿಂಗ್ ಲೆಟರ್ ಬರುತ್ತೆ, ಅದಕ್ಕೆ ಸಹಿ ಹಾಕೋನು ನಾನೇ. ಬೇಕೂಂತ ಮಾಡಿದ್ದಲ್ಲ ಅಂದ್ರೆ ಟೀಮಿಗೆ ಏನೂ ಆಗಲ್ಲ. ಕಪ್ ಉಳಿಯುತ್ತೆ, ಹುಡುಗ ಉಳೀತಾನೆ."

ಎಷ್ಟು ಸಲೀಸಾಗಿ ಹೇಳಿದರು! ಅವಳಿಗೆ ಒಳಗೇ ಆಸೆಯೂ ಆಯಿತು. ಒಂದು ಸುಳ್ಳು, ಒಂದು ಕಾಗದ, ಅಲ್ಲಿಗೆ ಎಲ್ಲ ಮೊದಲಿನ ಹಾಗೆ. ಎದ್ದು ಬಾಗಿಲ ತನಕ ಹೋದವಳು ತಿರುಗಿ ನಿಂತಳು.

"ಸರ, ನಿಮ್ಮ ಐಡಿಯಿಂದನ ಯಾಕ ಮಾಡ್ಲಿಲ್ರಿ? ನಿಮಗೂ ಪರ್ಮಿಷನ್ ಇತ್ತಲ್ಲ."

ವೇಣುಗೋಪಾಲರು ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡು ಮತ್ತೆ ಇಟ್ಟರು.

ಅವಳಿಗೆ ಆಗ ಎಲ್ಲ ಅರ್ಥವಾಯಿತು. ಪ್ರೀತಿಯಿಂದ ಮಾಡಿದೆ ಎನ್ನುವ ಮನುಷ್ಯ, ಸಿಕ್ಕಿಬಿದ್ದರೆ ಯಾರ ಕುತ್ತಿಗೆ ಮುಂದಿರಬೇಕೆಂದು ಮೊದಲೇ ಲೆಕ್ಕ ಹಾಕಿ ಕೂತಿದ್ದ. ಹಲ್ಲುನೋವೆಂದು ಮುಖ ಹಿಡಿದುಕೊಂಡು ಹೊರಟವಳಿಗೆ ನೀವು ಹೊರಡಿ ಎಂದದ್ದೂ ಆ ಲೆಕ್ಕದಲ್ಲೇ.

ಬುಧವಾರ ಅವಳು ರಸೀತಿ ತೆಗೆದುಕೊಂಡು ಪ್ಯಾಟ್ರಿಷಾ ಲೋವ್ ಬಳಿಗೆ ಹೋದಳು. ಎಲ್ಲವನ್ನೂ ಹೇಳಿದಳು. ಮಗನಿಗೆ ಅಷ್ಟಿಷ್ಟು ಗೊತ್ತಿತ್ತು ಎನ್ನುವುದನ್ನೂ, ಸೆಪ್ಟೆಂಬರಿನಲ್ಲಿ ತಾನೇ ನೋಡಿಯೂ ಕೇಳದೆ ಬಿಟ್ಟದ್ದನ್ನೂ ಹೇಳಿದಳು. ಕೊನೆಯದನ್ನು ಹೇಳುವ ಅಗತ್ಯವಿರಲಿಲ್ಲ, ಅದನ್ನು ಯಾರೂ ಕೇಳಿರಲಿಲ್ಲ. ವಕೀಲೆ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ನಂಬಿದಳೋ, ಇದೂ ಒಂದು ಹೊಸ ಉಪಾಯವೆಂದುಕೊಂಡಳೋ ಮಾಧುರಿಗೆ ತಿಳಿಯಲಿಲ್ಲ. ಕಟ್ಟಡದ ಬಾಗಿಲಿಗೆ ಹಾಕಿದ ಕ್ಯಾಮೆರಾದ ದಾಖಲೆಯೂ ಬಾಗಿಲು ತೆರೆಯುವ ಕೀಕಾರ್ಡುಗಳ ಪಟ್ಟಿಯೂ ಅವಳ ಮಾತಿಗೆ ಹೊಂದಿಕೊಂಡವು ಎಂದು ಎರಡು ವಾರದ ನಂತರ ಪತ್ರ ಬಂತು.

ಜನವರಿಯಲ್ಲಿ ಕಿಂಗ್ಸ್‌ಮಿಯರಿನಿಂದ ಕಪ್ ಹಿಂತೆಗೆದುಕೊಂಡರು. ಸೋತ ತಂಡಕ್ಕೂ ಕೊಡಲಿಲ್ಲ. ಗೆದ್ದವರ ಪಟ್ಟಿಯಲ್ಲಿ ಆ ವರ್ಷದ ಮುಂದೆ ಒಂದು ಅಡ್ಡಗೆರೆ ಎಳೆದರು. ಫೋರ್ಟ್ ಆಲ್ಡನ್ನಿನವರು ಚೆಂಡು ಗೆರೆ ದಾಟಿತ್ತು, ಕಪ್ ತಮ್ಮದೇ ಎನ್ನುತ್ತಾರೆ. ಕಿಂಗ್ಸ್‌ಮಿಯರಿನ ಹುಡುಗರು ಮೈದಾನದಲ್ಲಿ ಗೆದ್ದವರು ನಾವೇ ಎನ್ನುತ್ತಾರೆ. ವೇಣುಗೋಪಾಲರು ರಾಜೀನಾಮೆ ಕೊಟ್ಟರು. ರಿಚ್ಮಂಡ್ ಹಿಲ್ ದೇವಸ್ಥಾನದಲ್ಲಿ ಕೆಲವರು ಮಾಧುರಿಯನ್ನು ಕಂಡರೆ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗುತ್ತಿದ್ದರು. ಕೆಲಸ ಕೊಡಿಸಿದವನನ್ನೇ ಹಿಡಿದುಕೊಟ್ಟಳು ಎಂಬ ಮಾತು ಅವಳವರೆಗೂ ಬಂತು. ಕಂಪ್ಯೂಟರ್ ತೆರೆದಿಟ್ಟು ಹೋದದ್ದಕ್ಕೆ ಅವಳಿಗೊಂದು ಎಚ್ಚರಿಕೆಯ ಪತ್ರ ಸಿಕ್ಕಿತು, ದಾಖಲೆ ವಿಭಾಗದಿಂದ ವಸತಿ ವಿಭಾಗಕ್ಕೆ ಹಾಕಿದರು.

ತೀರ್ಪು ಬಂದ ದಿನವೇ ನಿಜಗುಣ ಬಟ್ಟೆ ತುಂಬಿಕೊಂಡು ನಾರ್ತ್ ಯಾರ್ಕಿನ ಗೆಳೆಯನ ಮನೆಗೆ ಹೋದ. ಚನ್ನಬಸಯ್ಯ ವಾರಕ್ಕೊಮ್ಮೆ ಹೋಗಿ ಮಗನನ್ನು ಮಾತಾಡಿಸಿ ಬರುತ್ತಿದ್ದ. ಒಂದು ಸಂಜೆ ಅವನೇ ಹೆಂಡತಿಯ ಮುಂದೆ ಕೂತು, "ನಾ ಹಂಗ ಕೇಳಬಾರದಿತ್ತು," ಎಂದ. ಅವಳು ಚಹಾ ಸೋಸಿ ಕೈಗೆ ಕೊಟ್ಟಳು.

ಮಗ ಬಂದದ್ದು ಮೇ ತಿಂಗಳ ಒಂದು ಮಧ್ಯಾಹ್ನ, ಬೇಸಿಗೆಯ ಬಟ್ಟೆ ಒಯ್ಯಲು. ಸ್ಟಾಟಿಸ್ಟಿಕ್ಸ್ ಮತ್ತೆ ತೆಗೆದುಕೊಂಡಿದ್ದೇನೆ, ಜೂನಿನಲ್ಲಿ ಪರೀಕ್ಷೆ ಎಂದ. ಮಾಧುರಿ ರೊಟ್ಟಿ ಬಡಿದು ಹಾಕಿದಳು. ಎರಡು ರೊಟ್ಟಿ ತಿಂದ.

"ಅಮ್ಮ, ನಾನ ಮಾಡೀನಿ ಅಂತ ಖರೇನ ಅನಿಸಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. ಅವಳು ಹಂಚಿನ ಮೇಲಿನ ರೊಟ್ಟಿ ಮಗುಚಿದಳು.

"ಹೌದು. ಹನ್ನೊಂದು ದಿನ."

ನಿಜಗುಣ ತಲೆಯಾಡಿಸಿದ. ಸಿಟ್ಟು ಬಂತೋ ಸಮಾಧಾನವಾಯಿತೋ ಅವನ ಮುಖದಿಂದ ಗೊತ್ತಾಗಲಿಲ್ಲ. "ಐ ವುಡ್ ಹ್ಯಾವ್ ಟೂ. ನಾನಾಗಿದ್ರೂ ಹಂಗ ಅನ್ಕೋತಿದ್ದೆ," ಎಂದು, ತಾಟನ್ನು ಅವಳ ಕಡೆಗೆ ಸರಿಸಿ ಇನ್ನೊಂದು ರೊಟ್ಟಿಗೆ ಕೈಚಾಚಿದ.