ಬಕೆಟ್‌ನಲ್ಲಿರೋದು, ಹಗ್ಗದ ಮೇಲಿರೋದು

ನಮ್ಮ ಲಾಂಡ್ರಿಯಲ್ಲಿ ಕಲೆ ತೆಗೆಯುವ ನೀರಿಗೆ ಎಲ್ಲರೂ ಔಷಧಿ ಎಂದೇ ಹೇಳುತ್ತೇವೆ. ಕಾಲರಿಗೆ ಔಷಧಿ ಹಾಕು, ಔಷಧಿ ಮುಟ್ಟಿದ ಕೈ ಕಣ್ಣಿಗೆ ತಾಗಿಸಬೇಡ, ಹೀಗೆ. ಅದನ್ನು ಜ್ಯೂಸಿನ ಬಾಟಲಿಗೆ ಬಗ್ಗಿಸಿ ಕಿಟಕಿಯಲ್ಲಿಟ್ಟವನು ಇಸ್ತ್ರಿಯವನು. ಅವನ ಬುದ್ಧಿಗಿಷ್ಟು ಬೆಂಕಿ ಬೀಳ! ಶಾಲೆಗೆ ರಜೆಯೆಂದು ನಾನು ಮಗಳು ಗುಬ್ಬಿಯನ್ನು ಕೆಲಸಕ್ಕೆ ಕರೆತಂದಿದ್ದೆ. ನಾನು ಹಿತ್ತಲಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದಾಗ ಅವಳು ಬಾಯಾರಿ ಆ ಬಾಟಲಿ ಎತ್ತಿಬಿಟ್ಟಳು.

"ಅಕ್ಕಾ, ಓಡಿ ಬನ್ನಿ! ಮಗು ಔಷಧಿ ಕುಡಿದ್ಬಿಟ್ಟಿದೆ!" ಎಂದು ಇಸ್ತ್ರಿಯವನು ಒಳಗಿಂದ ಕೂಗಿದ.

ಅವಳ ತುಟಿ ಬೆಳ್ಳಗಾಗಿತ್ತು. ಅಳಲು ಬಾಯಿ ತೆರೆದರೆ ದನಿಯೇ ಇಲ್ಲ.

"ಉಪ್ಪುನೀರು ಕುಡಿಸಿ ಕಕ್ಕಿಸೋಣ ಅಕ್ಕಾ" ಎಂದು ಇಸ್ತ್ರಿಯವನು ಲೋಟ ಹುಡುಕತೊಡಗಿದ. ನಾನು ಆಂಬುಲೆನ್ಸಿಗೆ ಫೋನ್ ಹಚ್ಚಿದೆ. ನಾವು ದುಡಿಯಲು ಬಂದ ಈ ಪರನಾಡಿನವರ ಭಾಷೆ ನಮಗೆ ಬಾರದು, ನಮ್ಮದು ಅವರಿಗೆ ಬಾರದು. ನಡುವೆ ಇಂಗ್ಲಿಷ್ ಒಂದೇ ಗತಿ, ಅದೂ ನನ್ನ ಬಾಯಲ್ಲಿ ಅಷ್ಟಕ್ಕಷ್ಟೆ.

"ಮೈ ಡಾಟರ್! ಮೆಡಿಸಿನ್! ಕಮ್!"

"ಹೌ ಮೆನಿ?" ಎಂದಳು ಆ ಕಡೆಯ ಹೆಂಗಸು.

ಎಷ್ಟು ಅಂತ ತಾನೇ ಕೇಳಿದ್ದು? ಬಾಟಲಿ ನೋಡಿದೆ. ಅರ್ಧಕ್ಕೂ ಕೆಳಗಿಳಿದಿತ್ತು. ಉತ್ತರ ಹುಡುಕುವಷ್ಟರಲ್ಲಿ ಅವಳೇ, "ಟೂ? ಥ್ರೀ? ಫೋರ್?" ಎಂದಳು.

ಇವಳು ಎಣಿಸುತ್ತಿದ್ದಾಳೆ! ಮಾತ್ರೆ ಅಂದುಕೊಂಡಿದ್ದಾಳೆ!

"ನೋ, ನೋ! ನಾಟ್ ಮೆನಿ!"

"ನಾಟ್ ಮೆನಿ? ಓಕೆ, ಗುಡ್." ಅವಳ ದನಿ ಮೆತ್ತಗಾಯಿತು. ಗಾಬರಿ ಬೇಡ, ಮನೆಯಲ್ಲೇ ನೋಡಿಕೊಳ್ಳಿ ಎಂಬಂಥದ್ದೇನೋ ಹೇಳತೊಡಗಿದಳು. ಗುಬ್ಬಿ ನನ್ನ ತೊಡೆಯ ಮೇಲೆ ಬಿಲ್ಲಿನಂತೆ ಬಾಗುತ್ತಿದ್ದಳು, ಈ ಹೆಂಗಸಿಗೆ ಗುಡ್ ಅಂತೆ! ನನ್ನ ಬಾಯಿಂದಲೇ ನನ್ನ ಮಗಳನ್ನು ಕೊಲ್ಲುತ್ತಿದ್ದೆ.

ಕೆಲಸಗಾರರಿಗೆ ಇಂಗ್ಲಿಷ್ ಹೇಳಿಕೊಡುವ ಟೀಚರಮ್ಮ ನನ್ನಿಂದ ತಲೆ ಚಚ್ಚಿಕೊಂಡಿದ್ದುಂಟು. ನಮಗೆ ಎಲ್ಲದಕ್ಕೂ ಒಂದೇ 'ಎಷ್ಟು'. ಅವರಿಗೆ ಮಚ್ ಬೇರೆ, ಮೆನಿ ಬೇರೆ. ಕೊನೆಗೆ ಅವರೇ ಸೋತು, "ಬಕೆಟ್‌ನಲ್ಲಿರೋದು ಮಚ್, ಹಗ್ಗದ ಮೇಲಿರೋದು ಮೆನಿ, ತಿಳೀತಾ ತಾಯಿ?" ಎಂದಿದ್ದರು. ಸೋಪಿನ ನೀರು ಮಚ್, ಶರ್ಟುಗಳು ಮೆನಿ. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದೆವು.

"ಮಚ್!" ಎಂದು ಕಿರುಚಿದೆ. "ನಾಟ್ ಮೆನಿ, ಮಚ್! ಬಕೆಟ್ ಮೆಡಿಸಿನ್! ಶರ್ಟ್ ಮೆಡಿಸಿನ್!" ಶರ್ಟಿಗೆ ಹಾಕುವ ಔಷಧಿ ಎನ್ನಲು ನನಗೆ ಅಷ್ಟೇ ತೋಚಿದ್ದು.

ಫೋನ್ ಇಟ್ಟೇಬಿಟ್ಟಳೇನೋ ಎಂದು "ಹಲೋ! ಹಲೋ!" ಎಂದೆ.

"ಲಿಕ್ವಿಡ್?" ಎಂದಳು.

ಆ ಮಾತು ಔಷಧಿಯ ಡ್ರಮ್ಮಿನ ಮೇಲೇ ಇತ್ತು. ದಿನಾ ಒರೆಸುತ್ತೇನೆ. "ಲಿಕ್ವಿಡ್! ಲಿಕ್ವಿಡ್! ಮಚ್!"

ಅವಳ ದನಿ ಈಗ ನನ್ನದರಷ್ಟೇ ಮೇಲೇರಿತು. ವಿಳಾಸ ಕೇಳಿದಳು. "ನೋ ವಾಮಿಟ್! ನೋ ವಾಮಿಟ್!" ಎಂದು ಕೂಗಿದಳು. ಇಸ್ತ್ರಿಯವನು ಉಪ್ಪುನೀರಿನ ಲೋಟವನ್ನು ಗುಬ್ಬಿಯ ಬಾಯಿಗೆ ಹಿಡಿಯುವುದರಲ್ಲಿದ್ದ. ನಾನು ಕಾಲಿನಿಂದಲೇ ಅದನ್ನು ಒದ್ದೆ.

"ಅಮ್ಮ ಇಲ್ಲೇ ಇದೀನಿ ಕಂದಾ, ಕಣ್ಮುಚ್ಬೇಡ" ಎನ್ನುತ್ತಲೇ ಇದ್ದೆ. ಗಾಡಿ ಬಂದಾಗಲೂ, ಆಸ್ಪತ್ರೆಯಲ್ಲಿ ಅವಳನ್ನು ನನ್ನ ಕೈಯಿಂದ ಕಸಿದು ಒಳಗೆ ಒಯ್ದು ಬಾಗಿಲು ಹಾಕಿಕೊಂಡಾಗಲೂ. ಬಾಗಿಲಿಗೇ ಹೇಳುತ್ತಿದ್ದೆ.

ಒಳಗೆ ಸದ್ದೇ ಇರಲಿಲ್ಲ. ಹಾಳಾದ ದೇವರೇ, ಒಂದು ಸಲ ಅಳಿಸಪ್ಪಾ ಅವಳನ್ನು ಎಂದು ಬೇಡಿಕೊಂಡೆ. ಹುಟ್ಟಿದಾಗಿನಿಂದ ಅವಳ ಅಳು ನಿಲ್ಲಿಸಲು ಒದ್ದಾಡಿದವಳು ನಾನು.

ನರ್ಸ್ ಒಬ್ಬಳು ಬಂದು ಪಕ್ಕದಲ್ಲಿ ಕುಳಿತಳು. ಸುಮ್ಮನೆ ಮಾತಿಗೆಳೆಯಲೋ ಏನೋ, ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದಳು.

"ಹೌ ಮೆನಿ ಚಿಲ್ಡ್ರನ್?"

ಮೆನಿ. ಹಗ್ಗದ ಮೇಲಿರೋದು, ಎಣಿಸಿ ಹೇಳಬೇಕಾದದ್ದು. ಒಂದು ಬೆರಳು ಎತ್ತಿ ತೋರಿಸಿದೆ. ನರ್ಸ್ ತಲೆಯಾಡಿಸಿ ಎದ್ದುಹೋದ ಮೇಲೂ, ಬಾಗಿಲಾಚೆಯಿಂದ ಗೊಗ್ಗರು ದನಿಯ ಅಳು ಕೇಳಿಸುವವರೆಗೂ, ಆ ಬೆರಳನ್ನು ಮಡಚಲಿಲ್ಲ.